ಒಂದೇ ನೆಲಕ್ಕೆ ಎರಡು ಲೆಕ್ಕ

ಹೋದ ವರ್ಷ ಬೇಸಿಗೆ ರಜೆಗೆ ಊರಿಗೆ ಹೋಗಿದ್ದಾಗ ನಮ್ಮ ಹೊಲದಲ್ಲಿ ಬೋರ್‌ವೆಲ್ ಪಾಯಿಂಟ್ ನೋಡಿಸಿದೆವು. ನಮ್ಮೂರು ತಲಕಾಡು. ಹೊರಗಿನವರಿಗೆ ತಲಕಾಡೆಂದರೆ ಕಾವೇರಿ, ಮರಳು, ಪಂಚಲಿಂಗ ದರ್ಶನ. ನದಿ ಪಕ್ಕದಲ್ಲೇ ಇರುವವರಿಗೆ ನೀರಿಗೇನು ಬರ ಎಂದು ಹಾಸ್ಟೆಲ್ ಗೆಳೆಯರು ನಗುತ್ತಾರೆ. ನಮ್ಮದು ಕಾಲುವೆ ನೀರು ಹತ್ತದ ಮೇಲುನೆಲದ ಎರಡು ಎಕರೆ. ಅದಕ್ಕೂ ಹಿಂದಿನ ವರ್ಷ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರೊಬ್ಬರು ತೋರಿಸಿದ ಜಾಗದಲ್ಲಿ 480 ಅಡಿ ಕೊರೆಸಿದ್ದೆವು. ಬಂದದ್ದು ಬರೀ ಬಿಳಿ ಪುಡಿ. ಆ ಸಾಲ ಇನ್ನೂ ತೀರಿಲ್ಲ. ಹಾಗಾಗಿ ಈ ಸಲ ಮೀಟರ್ ತರುವ ಜಿಯಾಲಜಿಸ್ಟ್ ಒಬ್ಬರನ್ನು ಕರೆಸಿದೆವು.

ಅವರು ನೆಲಕ್ಕೆ ಸಾಲಾಗಿ ನಾಲ್ಕು ಕಬ್ಬಿಣದ ಗೂಟ ಹೊಡೆದರು. ಹೊರಗಿನ ಎರಡು ಗೂಟಗಳಿಂದ ಕರೆಂಟ್ ಬಿಡುವುದು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವುದು. ಹೊರಗಿನ ಗೂಟಗಳನ್ನು ದೂರ ದೂರಕ್ಕೆ ಒಯ್ದಂತೆಲ್ಲ ಕರೆಂಟ್ ಹೆಚ್ಚು ಆಳಕ್ಕೆ ಇಳಿಯುತ್ತದೆ, ಮೀಟರಿಗೆ ಆಳದ ಸುದ್ದಿ ಸಿಗುತ್ತದೆ. ವೈರು ಎಳೆಯುವ ಕೆಲಸ ನನ್ನದೇ ಆಗಿತ್ತು. ಉತ್ತರ-ದಕ್ಷಿಣಕ್ಕೆ ಎಳೆದಾಗ ಒಂದು ಕಡೆ 160 ಓಮ್-ಮೀಟರ್ ಬಂತು. ಅದೇ ಪಾಯಿಂಟಿನಲ್ಲಿ ಅಷ್ಟೇ ಉದ್ದದ ವೈರನ್ನು ಪೂರ್ವ-ಪಶ್ಚಿಮಕ್ಕೆ ತಿರುಗಿಸಿದಾಗ 210. ಒಂದೇ ನೆಲಕ್ಕೆ ಎರಡು ಲೆಕ್ಕ ಹೇಗೆ ಸ್ವಾಮಿ ಎಂದು ಅಪ್ಪ ಕೇಳಿದರು. ಕೆಳಗಿನ ಬಂಡೆಯಲ್ಲಿ ಬಿರುಕುಗಳು ಒಂದೇ ದಿಕ್ಕಿಗೆ ಸಾಲಾಗಿದ್ದರೆ ಹೀಗಾಗುತ್ತದೆ, ಹೆಚ್ಚು ಬಂದ ದಿಕ್ಕೇ ಬಿರುಕಿನ ದಿಕ್ಕು ಎಂದರು ಅವರು.

ನಾನು ಬಿಇ ಮೂರನೇ ವರ್ಷ, ಎಲೆಕ್ಟ್ರಿಕಲ್. ಇದು ತಪ್ಪು ಅನ್ನಿಸಿತು. ಬಿರುಕಿನಲ್ಲಿ ನೀರಿದ್ದರೆ ಆ ದಿಕ್ಕಿಗೆ ಕರೆಂಟ್ ಸಲೀಸಾಗಿ ಹರಿಯಬೇಕು, ರೋಧ ಕಡಿಮೆ ತೋರಿಸಬೇಕು. ಹೆಚ್ಚು ಹೇಗೆ? ಬಾಯಿ ಬಿಟ್ಟು ಕೇಳಲಿಲ್ಲ. ಅವರು ಕೊಟ್ಟ ಹಾಳೆಯ ಮೇಲೆ ವಿಧಾನ ಎಂಬ ಕಡೆ ಶ್ಲಂಬರ್ಜರ್ ಎಂದು ಬರೆದಿತ್ತು. ಅದು ಕ್ಯಾಂಪಸ್ ಇಂಟರ್‌ವ್ಯೂಗಳ ಮಾತು ಬಂದಾಗ ಕೇಳಿದ್ದ ದೊಡ್ಡ ತೈಲ ಸೇವಾ ಕಂಪನಿಯ ಹೆಸರು. ನಮ್ಮ ಹೊಲಕ್ಕೂ ಅದಕ್ಕೂ ಏನು ನಂಟು ಎಂದು ಹುಡುಕಿದಾಗ ಸಿಕ್ಕಿದ್ದು ಕಂಪನಿಯ ಹಿಂದಿನ ಮನುಷ್ಯ, ಕಾನ್ರಾಡ್ ಶ್ಲುಂಬರ್ಜೆ. ಫ್ರೆಂಚರು ಹೆಸರನ್ನು ಹಾಗೆ ಉಚ್ಚರಿಸುತ್ತಾರೆ.

ಕಾನ್ರಾಡ್ ಹುಟ್ಟಿದ್ದು 1878ರ ಅಕ್ಟೋಬರ್ 2ರಂದು, ಅಲ್ಸಾಸ್ ಪ್ರಾಂತ್ಯದ ಗೆಬ್‌ವಿಲ್ಲೆರ್ ಎಂಬ ಊರಿನಲ್ಲಿ. ಭಾಷೆ, ಮನಸ್ಸು ಫ್ರಾನ್ಸಿನ ಕಡೆ ಇದ್ದ ಮನೆತನ. ಆದರೆ 1871ರ ಯುದ್ಧದ ನಂತರ ಅಲ್ಸಾಸ್ ಜರ್ಮನಿಯ ಪಾಲಾಗಿತ್ತು. ಅಲ್ಲೇ ಇದ್ದರೆ ಗಂಡುಮಕ್ಕಳು ಜರ್ಮನ್ ಸೈನ್ಯಕ್ಕೆ ಸೇರಬೇಕು. ಅದಕ್ಕೇ ಮಕ್ಕಳನ್ನು ಪ್ಯಾರಿಸ್ಸಿಗೆ ಓದಲು ಕಳಿಸಿದರು. ತಂದೆ ಪೌಲ್ ಅವರದು ಬಟ್ಟೆ ಗಿರಣಿಯ ಮನೆತನ. ತಾಯಿ ಮಾರ್ಗರೀತ್ ಫ್ರಾನ್ಸಿನಲ್ಲಿ ಹೆಂಗಸರಿಗೆ ಮತದ ಹಕ್ಕು ಸಿಗಬೇಕೆಂದು ಹೋರಾಡಿದವರಲ್ಲಿ ಮುಂಚೂಣಿಯವರು. ಅಣ್ಣ ಜಾನ್ ಸಾಹಿತಿ. ಆರು ವರ್ಷ ಚಿಕ್ಕವರಾದ ತಮ್ಮ ಮಾರ್ಸೆಲ್ ಇಂಜಿನಿಯರ್, ಯಂತ್ರ ಕಟ್ಟುವುದರಲ್ಲಿ ನಿಪುಣ. ಇಬ್ಬರ ಸ್ವಭಾವ ಬೇರೆ ಬೇರೆ. ಕಾನ್ರಾಡ್ ಆದರ್ಶವಾದಿ, ಭೌತವಿಜ್ಞಾನದ ಮೇಷ್ಟರು. ಮಾರ್ಸೆಲ್ ಮಿತಭಾಷಿ, ಕೈಕೆಲಸದವರು.

ಕಾನ್ರಾಡ್ ಓದಿದ್ದು ಎಕೋಲ್ ಪಾಲಿಟೆಕ್ನಿಕ್‌ನಲ್ಲಿ. ಹೆಸರು ಪಾಲಿಟೆಕ್ನಿಕ್ ಎಂದಿದ್ದರೂ ನಮ್ಮ ಡಿಪ್ಲೊಮಾ ಅಲ್ಲ. ನಮ್ಮ ಐಐಟಿಯಂತೆ, ಪ್ರವೇಶ ಪರೀಕ್ಷೆ ಗೆದ್ದವರಿಗಷ್ಟೇ ಬಾಗಿಲು ತೆರೆಯುವ ಸಂಸ್ಥೆ ಅದು. ಆಮೇಲೆ ಪ್ಯಾರಿಸ್ಸಿನ ಗಣಿ ಕಾಲೇಜು, ಸರ್ಕಾರದ ಗಣಿ ಇಂಜಿನಿಯರ್ ಕೆಲಸ. 1907ರಲ್ಲಿ ಅದೇ ಗಣಿ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರೊಫೆಸರ್. ಮೂವತ್ತು ತುಂಬುವ ಮೊದಲೇ ಪ್ಯಾರಿಸ್ಸಿನಲ್ಲಿ ಪಕ್ಕಾ ನೌಕರಿ. ನಮ್ಮ ಕಡೆ ಇಷ್ಟಾದ ಮೇಲೆ ಮನೆಯವರು ಹೆಣ್ಣು ನೋಡಲು ಹೊರಡುತ್ತಾರೆ, ಕಥೆ ಮುಗಿಯುತ್ತದೆ.

ಅವರ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕಿತ್ತು. ಗಣಿಗಾರರು ಅದಿರು ಎಲ್ಲಿದೆ ಎಂದು ಗುಂಡಿ ತೋಡಿ, ಕೊರೆದು ನೋಡಬೇಕಿತ್ತು. ಅದಿರಿನ ಬಂಡೆ ಕರೆಂಟನ್ನು ಒಂದು ರೀತಿ ಬಿಡುತ್ತದೆ, ಸಾಮಾನ್ಯ ಬಂಡೆ ಇನ್ನೊಂದು ರೀತಿ. ಹಾಗಾದರೆ ಅಗೆಯದೆಯೇ, ಮೇಲಿನಿಂದಲೇ ಕರೆಂಟ್ ಬಿಟ್ಟು ಒಳಗಿರುವುದನ್ನು ತಿಳಿಯಲು ಬರುವುದಿಲ್ಲವೇ? 1911ರ ಸುಮಾರಿಗೆ ಕಾಲೇಜಿನ ನೆಲಮಾಳಿಗೆಯಲ್ಲಿ ತಾಮ್ರದ ಸ್ನಾನದ ತೊಟ್ಟಿಗೆ ಮರಳು ತುಂಬಿಕೊಂಡು ಪ್ರಯೋಗ ಶುರು ಮಾಡಿದರು.

ಇದನ್ನು ಓದಿದ ಮೇಲೆ ನಾನೂ ಸುಮ್ಮನಿರಲಿಲ್ಲ. ತಲಕಾಡಿನಲ್ಲಿ ಮರಳಿಗೆ ಬರವಿಲ್ಲ. ಒಂದು ಪ್ಲಾಸ್ಟಿಕ್ ಟಬ್ಬಿಗೆ ಒಣ ಮರಳು ತುಂಬಿ ಮಲ್ಟಿಮೀಟರಿನ ಎರಡು ಕಡ್ಡಿ ಚುಚ್ಚಿದರೆ ಏನೂ ತೋರಿಸಲಿಲ್ಲ. ಒಂದು ಚೊಂಬು ನೀರು ಹುಯ್ದೆ, ಮುಳ್ಳು ಅಲ್ಲಾಡಿತು. ಬಂಡೆಯಲ್ಲೂ ಹೀಗೇ. ಕಲ್ಲಿನ ಕಣಕ್ಕೆ ಕರೆಂಟ್ ಬೇಡ, ಸಂದಿಯ ನೀರಿನಲ್ಲಿರುವ ಉಪ್ಪಿನಂಶವೇ ಅದನ್ನು ಒಯ್ಯುವುದು. ಆದರೆ ನನ್ನ ಮಲ್ಟಿಮೀಟರಿನ ಅಂಕಿ ಒಂದು ಕಡೆ ನಿಲ್ಲಲಿಲ್ಲ, ನೋಡನೋಡುತ್ತ ಜಾರುತ್ತಾ ಹೋಯಿತು. ಲೋಹದ ಕಡ್ಡಿ ಒದ್ದೆ ಮಣ್ಣಿಗೆ ತಾಗಿದ ಕೂಡಲೇ ಅದೇ ಒಂದು ಸಣ್ಣ ಬ್ಯಾಟರಿಯಾಗಿ ಲೆಕ್ಕ ಕೆಡಿಸುತ್ತದೆ. ಕಾನ್ರಾಡ್ ಈ ತೊಡಕನ್ನು ದಾಟಿದ್ದು ಲೋಹವನ್ನು ನೇರವಾಗಿ ಮಣ್ಣಿಗೆ ತಾಗಿಸದ ವಿಶೇಷ ಎಲೆಕ್ಟ್ರೋಡುಗಳಿಂದ. ಸಣ್ಣ ವಿಷಯದಂತೆ ಕಾಣುತ್ತದೆ. ಇಷ್ಟು ಮಾಡದೆ ಬೇರಾವ ಅಳತೆಯೂ ನಂಬುವಂತಿರಲಿಲ್ಲ.

1912ರಲ್ಲಿ ನಾರ್ಮಂಡಿಯ ವಾಲ್-ರಿಷೆ ಎಂಬಲ್ಲಿ ತಮ್ಮ ಮನೆತನದ ಜಮೀನಿನಲ್ಲಿ ನೆಲಕ್ಕೆ ಕರೆಂಟ್ ಬಿಟ್ಟು, ಒಂದೇ ವೋಲ್ಟೇಜ್ ಇರುವ ಜಾಗಗಳನ್ನು ಗೆರೆಯಿಂದ ಸೇರಿಸಿ ನಕ್ಷೆ ಬರೆದರು. ಮರುವರ್ಷ ಸರ್ಬಿಯಾದ ಗಣಿಯೊಂದರಲ್ಲಿ ತಾಮ್ರದ ಅದಿರನ್ನು ವಿದ್ಯುತ್ ಅಳತೆಯಿಂದಲೇ ಗುರುತಿಸಿದರು. ಆ ಗಣಿ ಊರಿನ ಹೆಸರು ಬೋರ್. ನಮ್ಮ ಜಿಲ್ಲೆಯ ರೈತರಿಗೆ ಹೇಳಿದರೆ ನಂಬುವುದಿಲ್ಲ.

1914ರಲ್ಲಿ ಯುದ್ಧ ಬಂತು. ಕಾನ್ರಾಡ್ ಫಿರಂಗಿ ದಳದ ಅಧಿಕಾರಿಯಾಗಿ ಹೋದರು. ನಾಲ್ಕು ವರ್ಷ ಪ್ರಯೋಗವೆಲ್ಲ ನಿಂತಿತು. ವಾಪಸ್ ಬಂದಾಗ ವಯಸ್ಸು ನಲವತ್ತು. ಯುದ್ಧ ಅವರನ್ನು ಶಾಂತಿವಾದಿಯನ್ನಾಗಿ, ಎಡಪಂಥದ ಕಡೆ ಒಲವಿರುವವರನ್ನಾಗಿ ಮಾಡಿತು.

ನನಗೆ ಈ ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು 1919ರ ನವೆಂಬರ್‌ನಲ್ಲಿ ಆದ ಒಂದು ಕರಾರು. ತಂದೆ ಪೌಲ್ ಇಬ್ಬರು ಮಕ್ಕಳಿಗೆ ಐದು ಲಕ್ಷ ಫ್ರಾಂಕ್ ಕೊಡಲು ಒಪ್ಪಿ ಬರೆದುಕೊಟ್ಟರು. ಷರತ್ತು ವಿಚಿತ್ರ. ಹಣ ಮಾಡುವುದಕ್ಕಿಂತ ಸಂಶೋಧನೆ ಮೊದಲು. ವಿಜ್ಞಾನದ ದೃಷ್ಟಿಯಿಂದ ಬೆಲೆ ಬಾಳುವುದೇನಾದರೂ ಸಿಗಬೇಕು, ಲಾಭ ಆಮೇಲೆ. ಕಾನ್ರಾಡ್ ವಿಜ್ಞಾನಿಯಾಗಿ, ಮಾರ್ಸೆಲ್ ಇಂಜಿನಿಯರ್ ಆಗಿ ಪೂರ್ತಿ ತೊಡಗಿಕೊಳ್ಳಬೇಕು. ನಮ್ಮಲ್ಲಿ ಎಷ್ಟು ಜನರ ಅಪ್ಪಂದಿರು ಹೀಗೆ ಬರೆದುಕೊಟ್ಟಾರು ಎಂದು ಕೇಳುವುದು ಸುಲಭ. ಐದು ಲಕ್ಷ ಫ್ರಾಂಕ್ ಇದ್ದವರು ಬರೆದುಕೊಟ್ಟರು ಎನ್ನುವುದೂ ಅಷ್ಟೇ ನಿಜ. ನಮ್ಮಪ್ಪ ಮೊದಲ ಬೋರ್‌ಗೆ ಕೊಟ್ಟದ್ದೂ ಒಂದು ಲೆಕ್ಕದಲ್ಲಿ ಪ್ರಯೋಗದ ಹಣವೇ, ಅದಕ್ಕೆ ಬಡ್ಡಿ ಇದೆ, ಅಷ್ಟೇ ವ್ಯತ್ಯಾಸ. ಆದರೂ ಆ ಕಾಗದದ ವಿಷಯ ಓದಿದ ದಿನ ತುಂಬ ಹೊತ್ತು ಅದೇ ತಲೆಯಲ್ಲಿತ್ತು. ಮುಂದೆ ಕಾನ್ರಾಡ್ ಪ್ರೊಫೆಸರ್ ಹುದ್ದೆಯನ್ನೂ ಬಿಟ್ಟರು.

1920ರಲ್ಲಿ ತಮ್ಮ ವಿಧಾನವನ್ನೆಲ್ಲ ಪುಸ್ತಕವಾಗಿ ಬರೆದು ಬಹಿರಂಗವಾಗಿ ಪ್ರಕಟಿಸಿದರು. 1923ರಲ್ಲಿ ರುಮೇನಿಯಾದಲ್ಲಿ ಭೂಮಿಯೊಳಗಿನ ಉಪ್ಪಿನ ಗುಮ್ಮಟವೊಂದನ್ನು ನಕ್ಷೆಗಿಳಿಸಿದ ಮೇಲೆ ತೈಲದವರ ಕಣ್ಣು ಇವರ ಮೇಲೆ ಬಿತ್ತು. 1926ರಲ್ಲಿ ಸಹೋದರರು ಪ್ಯಾರಿಸ್ಸಿನಲ್ಲಿ ಕಂಪನಿ ಕಟ್ಟಿದರು.

ಇಷ್ಟರವರೆಗೂ ಅಳತೆ ನೆಲದ ಮೇಲಿನಿಂದ. ಮೇಲಿನಿಂದ ಅಳೆಯುವಾಗ ಆಳ ಹೆಚ್ಚಿದಷ್ಟೂ ಚಿತ್ರ ಮಸುಕಾಗುತ್ತದೆ. ಹೇಗಿದ್ದರೂ ತೈಲದವರು ತೂತು ಕೊರೆಯುತ್ತಾರಲ್ಲ, ಎಲೆಕ್ಟ್ರೋಡುಗಳನ್ನೇ ಅದರೊಳಗೆ ಇಳಿಸಿದರೆ? ಆ ಕೆಲಸವನ್ನು ಕಾನ್ರಾಡ್ ತಮ್ಮ ಅಳಿಯ ಆನ್ರಿ ಡಾಲ್ ಅವರಿಗೆ ವಹಿಸಿದರು. ಡಾಲ್‌ಗೆ ಆಗ 25 ವರ್ಷ. ಬೇಕಲೈಟ್ ಕೊಳವೆಗಳನ್ನು ಜೋಡಿಸಿ ಉದ್ದನೆಯ ಕಡ್ಡಿಯಂಥ ಉಪಕರಣ ಮಾಡಿದರು. ಕೆಳಕ್ಕೆ ಇಳಿಯಲೆಂದು ಸೀಸದ ಗುಂಡುಗಳ ಭಾರ ಕಟ್ಟಿದರು. 1927ರ ಸೆಪ್ಟೆಂಬರ್ 5ರಂದು ಅಲ್ಸಾಸ್‌ನ ಪೆಶೆಲ್‌ಬ್ರಾನ್ ತೈಲ ಕ್ಷೇತ್ರದ ಬಾವಿಯೊಂದರಲ್ಲಿ ಅದನ್ನು ಇಳಿಸಿ, ಒಂದೊಂದು ಮೀಟರಿಗೂ ನಿಲ್ಲಿಸಿ, ಅಳೆದು, ಕೈಯಿಂದ ಗ್ರಾಫ್ ಬರೆದರು. ಜಗತ್ತಿನ ಮೊದಲ ವಿದ್ಯುತ್ ವೆಲ್ ಲಾಗ್ ಅದೇ. ಕೊರೆಯುವಾಗ ಕಲ್ಲಿನ ಕಂಬವನ್ನೇ ಮೇಲೆತ್ತಿ ನೋಡುವುದು ದುಬಾರಿ, ನಿಧಾನ. ಇಲ್ಲಿ ಕಲ್ಲನ್ನು ತೆಗೆಯದೆಯೇ, ಎಲ್ಲಿ ಜೇಡಿ, ಎಲ್ಲಿ ಮರಳುಗಲ್ಲು ಎಂಬುದು ಗೆರೆಯ ಏರಿಳಿತದಲ್ಲಿ ಕಾಣುತ್ತಿತ್ತು. ಪ್ರಶ್ನೆ ಹುಟ್ಟಿ ಇಲ್ಲಿಗೆ ಬರಲು ಹೆಚ್ಚೂಕಡಿಮೆ ಹದಿನಾರು ವರ್ಷ ಹಿಡಿದಿತ್ತು.

ಈಗ ನಮ್ಮ ಹೊಲದ 160 ಮತ್ತು 210ಕ್ಕೆ ಬರುತ್ತೇನೆ.

ಸರಳ ನೆಲದಲ್ಲಿ ಒಂದು ಗೂಟದಿಂದ ಕರೆಂಟ್ ಬಿಟ್ಟರೆ ಸುತ್ತ ಒಂದೇ ವೋಲ್ಟೇಜಿನ ಗೆರೆಗಳು ವೃತ್ತಗಳಾಗಬೇಕು, ಕೆರೆಗೆ ಕಲ್ಲೆಸೆದಾಗ ಅಲೆ ಹರಡುವಂತೆ. ಪದರ ಪದರವಾದ ಬಂಡೆ ಓರೆಯಾಗಿ ನಿಂತಿರುವ ಕಡೆ ಅವು ವೃತ್ತವಾಗದೆ, ಪದರು ಸಾಗುವ ದಿಕ್ಕಿಗೆ ಉದ್ದವಾಗಿ ಮೊಟ್ಟೆಯಂತಾಗುತ್ತವೆ. ಅಂದರೆ ಬಂಡೆಯ ವಾಹಕತೆಗೆ ದಿಕ್ಕಿದೆ. ಒಂದು ಲೆಕ್ಕ ಮಾಡಿ ನೋಡಿ. 100 ಓಮ್-ಮೀಟರಿನ ಮರಳುಗಲ್ಲಿನ ತೆಳು ಪದರ, 10 ಓಮ್-ಮೀಟರಿನ ಜೇಡಿಯ ತೆಳು ಪದರ, ಒಂದರ ಮೇಲೊಂದು, ಸಮ ಸಮ. ಪದರದುದ್ದಕ್ಕೆ ಹೋಗುವ ಕರೆಂಟಿಗೆ ಇವು ಪ್ಯಾರಲಲ್ ರೆಸಿಸ್ಟರುಗಳು, ಒಟ್ಟು ಸುಮಾರು 18. ಪದರಗಳನ್ನು ದಾಟಿಕೊಂಡು ಹೋಗುವ ಕರೆಂಟಿಗೆ ಸೀರೀಸ್, ಒಟ್ಟು 55. ಪಿಯುಸಿಯ ಲೆಕ್ಕ. ಬಂಡೆ ಒಂದೇ, ದಿಕ್ಕಿಗೊಂದು ಬೆಲೆ.

ನನ್ನ ತಪ್ಪು ಇದಾದ ನಂತರದ ಹೆಜ್ಜೆಯಲ್ಲಿತ್ತು. ಕಾನ್ರಾಡ್, ಮಾರ್ಸೆಲ್ ಮತ್ತು ಅವರ ಸಹೋದ್ಯೋಗಿ ಲೆಯೊನಾರ್ಡಾನ್ 1934ರಲ್ಲಿ ಇದೇ ವಿಷಯದ ಮೇಲೆ, ದಿಕ್ಕಿಗೊಂದು ಗುಣವಿರುವ ಬಂಡೆಯಲ್ಲಿ ವಿದ್ಯುತ್ ಅಳತೆಗಳನ್ನು ಹೇಗೆ ಅರ್ಥ ಮಾಡಬೇಕೆಂದು ಪ್ರಬಂಧ ಪ್ರಕಟಿಸಿದ್ದರು. ಮೀಟರ್ ರೋಧವನ್ನು ಕಣ್ಣಾರೆ ಕಾಣುವುದಿಲ್ಲ. ಅದು ಒಳಗಿನ ಎರಡು ಗೂಟಗಳ ನಡುವಿನ ವೋಲ್ಟೇಜನ್ನು ನೋಡಿ, ಕರೆಂಟ್ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದೆ ಎಂದು ನಂಬಿಕೊಂಡು ಲೆಕ್ಕ ಹಾಕುತ್ತದೆ. ಬಿರುಕಿನುದ್ದಕ್ಕೆ ವೈರು ಎಳೆದಾಗ ಕರೆಂಟ್ ಆ ಸಾಲಿನಲ್ಲೇ ಗುಂಪುಗೂಡಿ ಹರಿಯುತ್ತದೆ. ಒಳಗಿನ ಗೂಟಗಳ ಕೆಳಗೆ ಪಾಲಿಗಿಂತ ಹೆಚ್ಚು ಕರೆಂಟ್, ಆದ್ದರಿಂದ ಹೆಚ್ಚು ವೋಲ್ಟೇಜ್, ಅದನ್ನು ಲೆಕ್ಕ ಹೆಚ್ಚು ರೋಧ ಎಂದು ಓದುತ್ತದೆ. ಅಡ್ಡಲಾಗಿ ಎಳೆದಾಗ ದಾರಿ ಕಷ್ಟದ್ದು, ಆದರೆ ಆ ದಾರಿಯಲ್ಲಿ ಹೋಗುವ ಕರೆಂಟೂ ಅಷ್ಟೇ ಕಡಿಮೆ. ಒಂದಕ್ಕೊಂದು ವಜಾ ಆಗಿ ಮೀಟರ್ ತೋರಿಸುವುದು ಬಿರುಕಿನುದ್ದದ ಕಡಿಮೆ ಅಂಕಿಯನ್ನೇ. ಜಿಯಾಲಜಿಸ್ಟ್ ಹೇಳಿದ್ದು ಸರಿಯಾಗಿತ್ತು. ಓಮನ ನಿಯಮವನ್ನು ಹೈಸ್ಕೂಲಿನಿಂದ ಉರುಹೊಡೆದ ನಾನು ಎಡವಿದ್ದೆ.

ಬಾವಿಯೊಳಗೆ ಇದೇ ವಿಚಿತ್ರ ಇನ್ನೂ ಜೋರು. ಮಲಗಿದ ಪದರಗಳ ನಡುವೆ ನೇರ ಕೊರೆದ ಬಾವಿಯಲ್ಲಿ ಎಲೆಕ್ಟ್ರೋಡುಗಳು ಮೇಲಿಂದ ಕೆಳಗೆ ಸಾಲಾಗಿವೆ. ಹಾಗಾಗಿ ಲಂಬ ದಿಕ್ಕಿನ ರೋಧ, ಅಂದರೆ 55, ಸಿಗಬೇಕು ಎಂದುಕೊಳ್ಳುತ್ತೇವೆ. ಸಿಗುವುದು 18. ಜೇಡಿಯ ಪದರಗಳು ಕರೆಂಟನ್ನೆಲ್ಲ ಪಕ್ಕಕ್ಕೆ ಎಳೆದುಕೊಂಡುಬಿಡುತ್ತವೆ. ನಡುವೆ ತೈಲ ತುಂಬಿದ ತೆಳು ಮರಳು ಪದರಗಳಿದ್ದರೂ ಮೀಟರಿಗೆ ಎಲ್ಲ ಬರೀ ಜೇಡಿಯಂತೆ ಕಂಡು, ಬಾವಿಯಲ್ಲಿ ಏನೂ ಇಲ್ಲವೆಂದು ಮುಚ್ಚಿ ಹೋಗಬಹುದು. ಇದಕ್ಕೆ ಪೂರ್ತಿ ಪರಿಹಾರ ಸಿಗಲು ಬಹಳ ಕಾಲ ಬೇಕಾಯಿತು. ಈ ಶತಮಾನದ ಆರಂಭದ ಹೊತ್ತಿಗೆ ಒಂದಕ್ಕೊಂದು ಲಂಬವಾದ ಮೂರು ಸುರುಳಿಗಳಿಂದ ಸಂಕೇತ ಕಳಿಸಿ, ಅಂಥದೇ ಮೂರು ಸುರುಳಿಗಳಿಂದ ಹಿಡಿಯುವ ಉಪಕರಣಗಳು ಬಾವಿಗಿಳಿದವು. ಮೂರು ಗುಣಿಸು ಮೂರು, ಒಟ್ಟು ಒಂಬತ್ತು ಅಳತೆ. ಅವುಗಳಿಂದ ಉದ್ದದ ವಾಹಕತೆ, ಅಡ್ಡದ ವಾಹಕತೆ, ಪದರ ಯಾವ ಕಡೆಗೆ ಓರೆಯಾಗಿದೆ, ಎಲ್ಲವನ್ನೂ ಬಿಡಿಸಬಹುದು.

ಆದರೆ ಕಾನ್ರಾಡ್ ಈ ಗುಣವನ್ನು ಬರೀ ತೊಂದರೆ ಎಂದು ನೋಡಲಿಲ್ಲ. ದಿಕ್ಕಿನ ವ್ಯತ್ಯಾಸ ಇದೆಯೆಂದರೆ ಅದರಿಂದಲೇ ಬಾವಿಯೊಳಗೆ ಪದರುಗಳ ಓರೆಯನ್ನು ಕಂಡುಹಿಡಿಯಬಹುದಲ್ಲ ಎಂದು 1930ರ ದಶಕದಲ್ಲೇ ಅವರ ತಂಡ ಅಂಥ ಉಪಕರಣ ಮಾಡಿ ಬಾವಿಗಳಿಗೆ ಇಳಿಸಿತ್ತು. ಪದರ ಎತ್ತ ಇಳಿದಿದೆ ಎಂದು ಗೊತ್ತಾದರೆ ಮುಂದಿನ ಬಾವಿಯನ್ನು ಎತ್ತ ಕೊರೆಯಬೇಕೆಂದು ಗೊತ್ತಾಗುತ್ತದೆ.

1929ರಿಂದ ಇವರ ತಂಡಗಳು ವೆನಿಜುವೆಲಾ, ಅಮೆರಿಕ, ಸೋವಿಯತ್ ಒಕ್ಕೂಟಕ್ಕೆ ಹೋದವು. ಅಷ್ಟರಲ್ಲಿ ಜಗತ್ತಿನ ಆರ್ಥಿಕ ಕುಸಿತ ಶುರುವಾಗಿತ್ತು. ಆ ಕೆಟ್ಟ ವರ್ಷಗಳಲ್ಲಿ ಕಂಪನಿಗೆ ಆಸರೆಯಾದ ಕೆಲಸಗಳಲ್ಲಿ ಸೋವಿಯತ್ ನೆಲದ್ದೂ ಒಂದು. ಹೊಸ ಸಮಾಜ ಕಟ್ಟುತ್ತಿರುವ ದೇಶವೆಂದು ಕಾನ್ರಾಡ್‌ಗೆ ಅಲ್ಲಿಯ ಬಗ್ಗೆ ಬೇರೆಯೇ ಕುತೂಹಲವೂ ಇತ್ತು. ಸ್ಟಾಲಿನ್ ಕಾಲದ ಸಂಗತಿಗಳು ಈಗ ಗೊತ್ತಿರುವ ನಮಗೆ ಆ ಭರವಸೆ ಮುಗ್ಧತನದಂತೆ ಕಾಣುತ್ತದೆ. 1936ರ ಮೇ 9ರಂದು, ಅಲ್ಲಿಂದ ಹಿಂದಿರುಗುವ ದಾರಿಯಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅವರು ತೀರಿಕೊಂಡರು. 57 ವರ್ಷ. ಕಂಪನಿಯನ್ನು ಮಾರ್ಸೆಲ್ ನೋಡಿಕೊಂಡರು, ಡಾಲ್ ಹೊಸ ಹೊಸ ಉಪಕರಣ ಮಾಡುತ್ತಾ ಹೋದರು. ಕಂಪನಿ ಜಗತ್ತಿನ ದೊಡ್ಡ ತೈಲ ಸೇವಾ ಕಂಪನಿಗಳಲ್ಲಿ ಒಂದಾಯಿತು.

ಅಂಥ ಹೆಸರು ನಮ್ಮ ಹೊಲದ ಬದುವಿಗೆ ಬಂದದ್ದು ನಾಲ್ಕು ಗೂಟಗಳ ಮೂಲಕ. ನಮ್ಮ ನಾಡಿನಲ್ಲೂ ಈ ವಿದ್ಯೆಗೆ ಹಳೆಯ ಬೇರಿದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿದ ಎಂ.ಬಿ. ರಾಮಚಂದ್ರರಾವ್ ಭೂಭೌತ ಶೋಧನೆಯ ಬಗ್ಗೆ ಬರೆದ ಇಂಗ್ಲಿಷ್ ಕೈಪಿಡಿಯನ್ನು ಮೈಸೂರು ವಿಶ್ವವಿದ್ಯಾನಿಲಯವೇ ಪ್ರಕಟಿಸಿದೆ. ನಮ್ಮ ಕಡೆಯ ನೈಸ್ ಶಿಲೆಯಲ್ಲಿ ನೀರು ಮರಳಿನಲ್ಲಿರುವಂತೆ ಎಲ್ಲೆಲ್ಲೂ ಇರುವುದಿಲ್ಲ, ಬಿರುಕಿನಲ್ಲಿ ಮಾತ್ರ. ಅದಕ್ಕೇ ಒಬ್ಬರ ಬೋರ್ ಉಕ್ಕಿದರೆ ಇಪ್ಪತ್ತು ಅಡಿ ಆಚೆಯದು ಒಣಗಿರುತ್ತದೆ. ದಿಕ್ಕು ತಪ್ಪಿದರೆ ಲಕ್ಷಗಟ್ಟಲೆ ಸಾಲ.

ನಮ್ಮ ಎರಡನೇ ಬೋರ್ ಆ ಪೂರ್ವ-ಪಶ್ಚಿಮ ಸಾಲಿನ ಮೇಲೆ ಆಯಿತು. 340 ಅಡಿಗೆ ಒಂದೂವರೆ ಇಂಚು ನೀರು. ಇದು ಮೀಟರಿನ ಲೆಕ್ಕದಿಂದಲೋ ಅದೃಷ್ಟದಿಂದಲೋ ಎಂದು ಒಂದೇ ಬೋರ್ ನೋಡಿ ಹೇಳಲಾಗದು. ಒಳಗೆ ಯಾವ ಆಳದಲ್ಲಿ ಎಂಥ ಬಿರುಕಿದೆ ಎಂದು ಯಾರೂ ಅಳೆಯಲಿಲ್ಲ. ಎರಡು ಎಕರೆಯ ರೈತನ ಬೋರ್‌ಗೆ ಲಾಗ್ ಮಾಡಿಸುವವರು ಯಾರು? ರಿಗ್‌ನವರು ಪುಡಿಯ ಬಣ್ಣ ನೋಡಿ ಮಾತಾಡಿಕೊಂಡರು, ಕೇಸಿಂಗ್ ಇಳಿಸಿದರು, ದುಡ್ಡು ಎಣಿಸಿಕೊಂಡು ರಾತ್ರಿಯೇ ನಂಜನಗೂಡಿನ ಕಡೆ ಇನ್ನೊಂದು ಪಾಯಿಂಟಿಗೆ ಹೊರಟರು. ನಾನು ಒಂದೊಂದು 20 ಅಡಿ ರಾಡ್ ಇಳಿದಾಗಲೂ ಒಂದೊಂದು ಮುಷ್ಟಿ ಪುಡಿಯನ್ನು ಹಳೇ ಪೇಪರಿನಲ್ಲಿ ಕಟ್ಟಿ, ಆಳ ಬರೆದು ಇಟ್ಟಿದ್ದೇನೆ. ಹದಿನೇಳು ಪೊಟ್ಟಣ. ಈ ಬೂದಿ ಮೂಟೆ ಮನೆಯೊಳಗೆ ಯಾಕೆ ಎಂದು ಅವ್ವ ಎರಡು ಸಲ ಎಸೆಯಲು ಹೋದರು. ಸದ್ಯಕ್ಕೆ ಅಟ್ಟದ ಮೇಲೆ ಇವೆ.